ಹದಿನಾಲ್ಕು ಲಕ್ಷಣಗಳ ಹಾಳೆ: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ನಾನು ಕೊಪ್ಪ ತಾಲ್ಲೂಕಿನವನು. ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜುಗಳಲ್ಲಿ ಸಮಾಜಶಾಸ್ತ್ರ, ಮನಶ್ಶಾಸ್ತ್ರ ಪಾಠ ಮಾಡಿ 2015ರಲ್ಲಿ ನಿವೃತ್ತನಾದೆ. ಈಗ ಒಂದೂವರೆ ಎಕರೆ ಅಡಿಕೆ ತೋಟ, ಅದರ ಕೊಳೆರೋಗ, ಎಲೆಚುಕ್ಕಿ ರೋಗಗಳ ಜೊತೆ ಜಗಳವಾಡಿಕೊಂಡು ದಿನ ದೂಡುತ್ತಿದ್ದೇನೆ. ತಮಗೆ ನೇರವಾಗಿ ಅರ್ಜಿ ಕೊಡಬಹುದಿತ್ತು. ಆದರೆ ಇದು ಈ ಜಿಲ್ಲೆಯ ಅಪ್ಪ ಅಮ್ಮಂದಿರೂ ಮೇಷ್ಟರುಗಳೂ ಓದಬೇಕಾದ ವಿಷಯ ಎನ್ನಿಸಿ ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇನೆ.

ಕಳೆದ ತಿಂಗಳು ನಮ್ಮ ಕಡೆಯ ಕಾಲೇಜೊಂದರಲ್ಲಿ ಭಯೋತ್ಪಾದನೆಯ ಬಗ್ಗೆ ಜಾಗೃತಿ ಕಾರ್ಯಕ್ರಮ ನಡೆಯಿತು. ಭಾಷಣಕಾರರು ಹೊರಗಿನಿಂದ ಬಂದವರು. ಹಳೆಯ ಮೇಷ್ಟ್ರು ಎಂದು ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಭಾಷಣ ಮುಗಿದ ಮೇಲೆ ಮಕ್ಕಳಿಗೆಲ್ಲ ಒಂದೊಂದು ಜೆರಾಕ್ಸ್ ಹಾಳೆ ಹಂಚಿದರು. ಭಯೋತ್ಪಾದಕನಾಗುತ್ತಿರುವವನನ್ನು ಗುರುತಿಸಲು ಹದಿನಾಲ್ಕು ಲಕ್ಷಣಗಳು, ಪ್ರತಿಯೊಂದರ ಮುಂದೆಯೂ ಒಂದು ಖಾಲಿ ಚೌಕ. ಒಂಟಿಯಾಗಿರುತ್ತಾನೆ. ಹಳೆಯ ಗೆಳೆಯರನ್ನು ಬಿಟ್ಟಿದ್ದಾನೆ. ಇದ್ದಕ್ಕಿದ್ದಂತೆ ದೇವರ ಮೇಲೆ ಭಕ್ತಿ ಹೆಚ್ಚಿದೆ. ಉಡುಗೆ, ಗಡ್ಡ ಬದಲಾಗಿದೆ. ಅನ್ಯಾಯದ ಬಗ್ಗೆ ಪದೇ ಪದೇ ಮಾತಾಡುತ್ತಾನೆ. ರಾತ್ರಿಯೆಲ್ಲ ಮೊಬೈಲ್ ನೋಡುತ್ತಾನೆ. ಹೀಗೆ. ನಿಮಗೆ ಗೊತ್ತಿರುವ ಯಾರಿಗಾದರೂ ಐದಕ್ಕಿಂತ ಹೆಚ್ಚು ಗುರುತು ಬಿದ್ದರೆ ಅವನ ಹೆಸರು ಬರೆದು ಪೆಟ್ಟಿಗೆಗೆ ಹಾಕಿ, ನಿಮ್ಮ ಹೆಸರು ಬರೆಯಬೇಕಾಗಿಲ್ಲ ಎಂದರು.

ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಗಡ್ಡ ಈಗಷ್ಟೇ ಬರುತ್ತಿದೆ, ಅಲ್ಲಲ್ಲಿ ಮಾತ್ರ ಚಿಗುರಿದೆ. ಪಕ್ಕದವನು ಮೊಣಕೈಯಿಂದ ತಿವಿದು ಹಾಳೆ ತೋರಿಸಿದ. ಹಿಂದಿನ ಬೆಂಚು ಕಿಸಕ್ಕೆಂದಿತು. ಇವನೂ ನಕ್ಕ. ಆಮೇಲೆ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಸೇರಿಸಿದ. ವಂದನಾರ್ಪಣೆ ಮುಗಿಯುವವರೆಗೂ ಎಡ ಅಂಗೈಯಿಂದ ಗಲ್ಲವನ್ನು ಮುಚ್ಚಿಕೊಂಡೇ ಕೂತಿದ್ದ. ಹಲ್ಲುನೋವು ಬಂದವರು ಕೂರುತ್ತಾರಲ್ಲ, ಹಾಗೆ.

ಮನೆಗೆ ಬಂದು ನಾನೂ ಪೆನ್ನು ಹಿಡಿದು ಕೂತೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನಿಗೆ ಒಂಬತ್ತು ಗುರುತು ಬಿದ್ದವು. ಆಮೇಲೆ 1977ರ ನನ್ನನ್ನು ನೆನಪಿಸಿಕೊಂಡು ಗುರುತು ಹಾಕಿದೆ. ಆಗ ನನಗೆ ಇಪ್ಪತ್ತೆರಡು. ತುರ್ತು ಪರಿಸ್ಥಿತಿ ಆಗಷ್ಟೇ ಮುಗಿದಿತ್ತು. ಗಡ್ಡ ಬಿಟ್ಟಿದ್ದೆ, ಆಳುಗಳ ಕೂಲಿಯ ವಿಷಯಕ್ಕೆ ಅಪ್ಪನೊಂದಿಗೆ ಮಾತು ಬಿಟ್ಟಿದ್ದೆ, ರಾತ್ರಿ ಚಿಮಣಿ ದೀಪದಲ್ಲಿ ಕರಪತ್ರ ಓದುತ್ತಿದ್ದೆ. ಹನ್ನೊಂದು ಬಂತು. ಉಳಿದ ಮೂರರಲ್ಲಿ ಎರಡು ಮೊಬೈಲಿಗೆ ಸೇರಿದವು. ಆಗ ಮೊಬೈಲ್ ಇದ್ದಿದ್ದರೆ ಹದಿಮೂರು.

ಈ ಹಾಳೆಯನ್ನು ಜಿಲ್ಲೆಯ ಎಲ್ಲ ಕಾಲೇಜುಗಳಿಗೂ ಹಂಚಲು ತಮ್ಮ ಅನುಮತಿ ಕೇಳುವುದಾಗಿ ಭಾಷಣಕಾರರು ವೇದಿಕೆಯ ಮೇಲೆ ಹೇಳಿದರು. ಕೊಡಬೇಡಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ.

ಮೊದಲು ಲೆಕ್ಕ ನೋಡೋಣ, ಅದು ಸುಲಭ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನ ಹನ್ನೊಂದು ಲಕ್ಷ ಚಿಲ್ಲರೆ. ಕಾಲೇಜು ವಯಸ್ಸಿನವರು ಐವತ್ತು ಸಾವಿರ ಎಂದು ಊಹೆಗೆ ಇಟ್ಟುಕೊಳ್ಳಿ. ಅವರಲ್ಲಿ ನಿಜವಾಗಿ ಹಿಂಸೆಯ ದಾರಿಯಲ್ಲಿರುವವರು ಐವರು ಎನ್ನಿ. ಈ ಹಾಳೆ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಹೇಳುತ್ತದೆ ಎಂದೂ ಒಪ್ಪಿಕೊಳ್ಳೋಣ. ಆಗಲೂ ಏನೂ ಮಾಡದ ಐನೂರು ಮಕ್ಕಳ ಹೆಸರು ಪೆಟ್ಟಿಗೆಗೆ ಬೀಳುತ್ತದೆ. ಆ ಐವರನ್ನು ಹುಡುಕಬೇಕಾದ ಪೊಲೀಸರು ಐನೂರು ಮನೆ ಅಲೆಯಬೇಕು. ನಮ್ಮ ಹಾಳೆಯಾದರೋ ಹತ್ತು ಸಲಕ್ಕೆ ಎರಡು ಸಲ ಸರಿ ಹೇಳಿದರೆ ಹೆಚ್ಚು.

ಇಂಥ ಪಟ್ಟಿ ಮಾಡಲು ಪ್ರಪಂಚದ ದೊಡ್ಡ ದೊಡ್ಡ ತಲೆಗಳು ಪ್ರಯತ್ನಿಸಿ ಕೈಬಿಟ್ಟಿವೆ. ಅಮೆರಿಕದ ರಾಜ್ಯಶಾಸ್ತ್ರಜ್ಞೆ ಮಾರ್ಥಾ ಕ್ರೆನ್‌ಶಾ 1981ರಲ್ಲೇ ಹೇಳಿದ್ದರು: ಭಯೋತ್ಪಾದಕರಲ್ಲಿ ಎದ್ದು ಕಾಣುವ ಸಮಾನ ಗುಣವೆಂದರೆ ಅವರು ಸಾಮಾನ್ಯರಾಗಿರುವುದು. ನಾಲ್ಕು ದಶಕ ಕಳೆದರೂ ಆ ಮಾತು ಬಹುಮಟ್ಟಿಗೆ ನಿಂತಿದೆ. ಹುಚ್ಚರಲ್ಲ, ಎಲ್ಲರೂ ಬಡವರಲ್ಲ, ಓದದವರೂ ಅಲ್ಲ. ನಮ್ಮ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ 2005ರ ಫೆಬ್ರುವರಿ 6ರಂದು ಪೊಲೀಸರ ಗುಂಡಿಗೆ ಸತ್ತ ನಕ್ಸಲ್ ನಾಯಕ ಸಾಕೇತ್ ರಾಜನ್ ಪತ್ರಿಕೋದ್ಯಮ ಓದಿದವರು, ಕರ್ನಾಟಕದ ಇತಿಹಾಸ ಬರೆದವರು. ಅವರ ದಾರಿಯನ್ನು ನಾನು ಒಪ್ಪಿದವನಲ್ಲ. ಆದರೆ ಕಾಡಿಗೆ ಹೋಗುವ ಮೊದಲು ಅವರು ನನ್ನ ಸ್ಟಾಫ್ ರೂಮಿಗೆ ಬಂದಿದ್ದರೆ ನಾನು ಎದ್ದು ಕುರ್ಚಿ ಕೊಡುತ್ತಿದ್ದೆ, ಅದು ಖಂಡಿತ.

ಹಾಗಾದರೆ ಜನ ಹೇಗೆ ಹೋಗುತ್ತಾರೆ? ಮಾರ್ಕ್ ಸೇಜ್‌ಮನ್ ಎಂಬ ಮನೋವೈದ್ಯರು, ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆಯಲ್ಲಿದ್ದವರು, ಅಲ್ ಕೈದಾದ ಜಾಲಕ್ಕೆ ಸೇರಿದ 172 ಜನರ ಜೀವನವನ್ನು ಕೆದಕಿ 2004ರಲ್ಲಿ ಪ್ರಕಟಿಸಿದರು. ಯಾವನೋ ಒಬ್ಬ ಬಂದು ತಲೆ ಕೆಡಿಸಿ ಎಳೆದುಕೊಂಡು ಹೋದ ಎಂಬ ಚಿತ್ರ ಅಲ್ಲಿ ಕಾಣಲಿಲ್ಲ. ಮೂರರಲ್ಲಿ ಎರಡು ಪಾಲು ಜನ ಸೇರುವ ಮೊದಲೇ ಪರಸ್ಪರ ಗೆಳೆಯರಾಗಿದ್ದರು, ಐದರಲ್ಲಿ ಒಂದು ಪಾಲು ನೆಂಟರು. 2001ರ ಸೆಪ್ಟೆಂಬರ್ 11ರಂದು ವಿಮಾನ ಅಪಹರಿಸಿದವರಲ್ಲಿ ಮೂವರು ಜರ್ಮನಿಯ ಹ್ಯಾಂಬರ್ಗಿನಲ್ಲಿ ಓದುತ್ತಿದ್ದವರು. ಮನೆಯಿಂದ ದೂರ, ಪರದೇಶದ ಚಳಿ, ಮಸೀದಿಯಲ್ಲಾದ ಪರಿಚಯ, ಒಂದು ಬಾಡಿಗೆ ಮನೆ. ಒಟ್ಟಿಗೆ ಉಂಡರು, ಒಟ್ಟಿಗೆ ಸಿಟ್ಟಾದರು, ಒಬ್ಬರನ್ನೊಬ್ಬರು ಮೀರಿಸುವ ಭರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದರು. ಇಟಲಿಯ ಎಡಪಂಥೀಯ ಸಶಸ್ತ್ರ ಗುಂಪುಗಳನ್ನು ಅಧ್ಯಯನ ಮಾಡಿದ ಡೊನಾಟೆಲ್ಲಾ ಡೆಲ್ಲಾ ಪೋರ್ಟಾ ಕಂಡದ್ದೂ ಇದನ್ನೇ. ದೇವರನ್ನು ನಂಬಿದವರಲ್ಲೂ ನಂಬದವರಲ್ಲೂ ದಾರಿ ಒಂದೇ: ಗೆಳೆತನ ಮೊದಲು, ಸಿದ್ಧಾಂತ ಆಮೇಲೆ.

ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎಂದು ನಮ್ಮ ಅಜ್ಜಿಯರು ಇದನ್ನು ಖರ್ಚಿಲ್ಲದೆ ಹೇಳಿದ್ದರು. ಆದರೆ ನಾವು ಆ ಗಾದೆಯನ್ನು ಅರ್ಧ ಮಾತ್ರ ಕೇಳಿಸಿಕೊಂಡಿದ್ದೇವೆ. ಕೆಟ್ಟವನ ಜೊತೆ ಸೇರಿ ಒಳ್ಳೆಯವನು ಕೆಡುತ್ತಾನೆ ಎಂದುಕೊಳ್ಳುತ್ತೇವೆ. ನಾಲ್ವರು ಒಳ್ಳೆಯವರೇ, ಬೇರೆ ಯಾರ ಮಾತೂ ಕಿವಿಗೆ ಬೀಳದ ಕೋಣೆಯಲ್ಲಿ ಸೇರಿ, ನಾಲ್ವರೂ ಕೆಡುವುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಲೆಕ್ಕದ ಮಾತು ಬಂತು. 'ಅವನು ಲೆಕ್ಕಕ್ಕಿಲ್ಲ ಬಿಡಿ' ಎಂದು ನಾವು ಎಷ್ಟು ಸಲೀಸಾಗಿ ಅನ್ನುತ್ತೇವೆ. ಏರೀ ಕ್ರುಗ್ಲಾನ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಅಧ್ಯಯನ ಮಾಡಿ ಹೇಳುವುದರ ತಿರುಳು ಈ ಒಂದು ಮಾತಿನಲ್ಲಿದೆ. ತಾನು ಲೆಕ್ಕಕ್ಕೆ ಬರಬೇಕು ಎಂಬ ಹಸಿವು ಮನುಷ್ಯನಿಗಿದೆ. ತನ್ನದೋ ತನ್ನವರದೋ ಅವಮಾನವಾದಾಗ ಆ ಹಸಿವು ಕೆರಳುತ್ತದೆ. ಆಗ ಒಂದು ಕಥೆ ಬೇಕು, ನಿನ್ನ ಅವಮಾನಕ್ಕೆ ಇಂಥವರು ಕಾರಣ, ಅವರ ಮೇಲೆ ಕೈಮಾಡಿದರೆ ನೀನು ವೀರ ಎನ್ನುವ ಕಥೆ. ಆ ಕಥೆಗೆ ತಲೆದೂಗುವ ಬಳಗ ಬೇಕು. ಮೂರೂ ಕೂಡಿದರೆ ಅಪಾಯ. ಬಡತನ ಇಲ್ಲಿ ನೇರವಾಗಿ ಬರುವುದಿಲ್ಲ. ಬಡತನವೇ ಕಾರಣವಾಗಿದ್ದರೆ ನಮ್ಮ ಕಾಫಿ ತೋಟಗಳ ಕೂಲಿಯವರ ಲೈನ್ ಮನೆಗಳು ಎಂದೋ ಮದ್ದುಗುಂಡಿನ ಮನೆಗಳಾಗಬೇಕಿತ್ತು.

ಮಲೆನಾಡಿನವರಿಗೆ ಇದನ್ನು ಪುಸ್ತಕ ತೆರೆದು ತೋರಿಸಬೇಕಾಗಿಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು. ತಲೆಮಾರುಗಳಿಂದ ಕಾಡಿನಲ್ಲಿದ್ದ ಮನೆಗಳಿಗೆ ಒಕ್ಕಲೇಳುವ ಭಯ ಹೊಕ್ಕಿತು. ಮಲೆಕುಡಿಯ, ಗೌಡಲು ಬುಡಕಟ್ಟಿನವರ ಅಂಗಳದಲ್ಲಿ ನಿಂತು ನೀನು ಇಲ್ಲಿ ಇರುವುದೇ ಅಕ್ರಮ ಎಂದು ಹೇಳಲಾಯಿತು. ಹೋರಾಟ ಹುಟ್ಟಿತು. ಬಹುಪಾಲು ಜನ ಮನವಿ, ಮೆರವಣಿಗೆಗಳಲ್ಲೇ ಉಳಿದರು. ಬೆರಳೆಣಿಕೆಯ ಮಂದಿ ಬಂದೂಕು ಹಿಡಿದವರ ಹಿಂದೆ ಹೋದರು. ಒಂದೇ ಅನ್ಯಾಯ, ಒಂದೇ ಮಳೆ. ಒಬ್ಬ ಹೋದ, ಅವನ ಅಣ್ಣ ತೋಟದಲ್ಲೇ ಉಳಿದ. ಯಾರ ಪಕ್ಕದಲ್ಲಿ ಯಾರು ಕೂತಿದ್ದರು ಎಂಬುದನ್ನು ಬಿಟ್ಟು ಇದಕ್ಕೆ ಬೇರೆ ಉತ್ತರ ನನಗೆ ಸಿಕ್ಕಿಲ್ಲ.

ಆ ಕಾಲದ ಒಂದು ಮನೆ ನನಗೆ ಗೊತ್ತು. ಆಗ ಅಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ. ಒಂದು ರಾತ್ರಿ ಐದಾರು ಜನ ಬಂದರು, ಹೆಗಲಲ್ಲಿ ಬಂದೂಕು. ಅನ್ನ ಕೇಳಿದರು. ಕೊಡುವುದಿಲ್ಲ ಎನ್ನಲು ಬಾಯಿ ಬರಬೇಕಲ್ಲ. ಆ ಹೆಂಗಸು ಮದುವೆಯಲ್ಲಿ ತವರಿನಿಂದ ತಂದಿದ್ದ ದೊಡ್ಡ ಪಾತ್ರೆ ಇಳಿಸಿ ಅನ್ನ ಮಾಡಿದಳು. ಬೆಳಿಗ್ಗೆ ಬೇರೆಯವರು ಬಂದರು, ಅವರ ಹೆಗಲಲ್ಲೂ ಬಂದೂಕು. ತೊಳೆದು ಜಗುಲಿಯ ಮೇಲೆ ಕವುಚಿಟ್ಟಿದ್ದ ಪಾತ್ರೆಯನ್ನು ಒಬ್ಬ ಬೂಟಿನ ತುದಿಯಿಂದ ಮಗುಚಿ, ಇಬ್ಬರ ಮನೆಯಲ್ಲಿ ಇಷ್ಟು ದೊಡ್ಡ ಪಾತ್ರೆ ಯಾಕೆ ಎಂದು ಕೇಳಿದ. ಆಮೇಲೆ ಅವಳು ಆ ಪಾತ್ರೆಯನ್ನು ಅಟ್ಟಕ್ಕೆ ಹಾಕಿದಳು. ಮಗಳ ಮದುವೆಯ ಹಿಂದಿನ ದಿನವೂ ಇಳಿಸಲಿಲ್ಲ, ಪೇಟೆಯಿಂದ ಬಾಡಿಗೆಗೆ ತರಿಸಿದಳು.

ಕ್ಲಾರ್ಕ್ ಮೆಕಾಲಿ, ಸೋಫಿಯಾ ಮೊಸ್ಕಲೆಂಕೊ ಎಂಬ ಇಬ್ಬರು ಸಂಶೋಧಕರು ಇದನ್ನು ಜುಜಿತ್ಸು ಕುಸ್ತಿಗೆ ಹೋಲಿಸುತ್ತಾರೆ. ಸಣ್ಣ ಗುಂಪಿಗೆ ಸರ್ಕಾರವನ್ನು ಸೋಲಿಸುವ ಬಲ ಇರುವುದಿಲ್ಲ. ಸರ್ಕಾರದ ಬಲವನ್ನೇ ಅದು ಎಳೆದು ತಿರುಗಿಸುತ್ತದೆ. ಏಟು ಇಡೀ ಊರಿಗೆ ಬೀಳುವಂತೆ ಕೆಣಕುತ್ತದೆ, ಏಟು ತಿಂದವರಲ್ಲಿ ನಾಲ್ವರು ತನ್ನ ಕಡೆ ಬಂದರೆ ಅದಕ್ಕೆ ಸಾಕು. ಮೆಣಸಿನಹಾಡ್ಯದ ಗುಂಡಿನ ಸದ್ದು ಅಡಗಿ ವಾರ ಕಳೆಯುವ ಮೊದಲೇ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರ ಶಿಬಿರದ ಮೇಲೆ ದಾಳಿಯಾಯಿತು. ಅಲ್ಲಿ ಸತ್ತ ಪೊಲೀಸರೂ ಯಾವುದೋ ಹಳ್ಳಿಯ ರೈತರ ಮಕ್ಕಳೇ. ಇತ್ತ 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊ ಒಳಗೆ ಕುಕ್ಕರ್ ಬಾಂಬ್ ಸಿಡಿದಾಗ ಆರೋಪಿಯ ಊರೆಂದು ನಮ್ಮ ಪಕ್ಕದ ತೀರ್ಥಹಳ್ಳಿಯ ಹೆಸರು ಅದಕ್ಕೆ ಅಂಟಿಕೊಂಡಿತು. ಅಲ್ಲಿನ ಹುಡುಗನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ಬೆಂಗಳೂರಿನಲ್ಲಿ ಕೋಣೆ ಹುಡುಕುವಾಗ ಊರು ಶಿವಮೊಗ್ಗ ಎಂದೇ ಹೇಳತೊಡಗಿದ. ಹೆಸರನ್ನು ಮಾತ್ರ ಬದಲಿಸಲು ಆಗಲಿಲ್ಲವಲ್ಲ, ಕೋಣೆ ಸಿಗಲು ಎರಡು ತಿಂಗಳು ಹಿಡಿಯಿತು.

ಇದನ್ನೆಲ್ಲ ಹೇಳಿದರೆ ಕೊಂದವರ ಪರ ವಕಾಲತ್ತು ಎನ್ನುವವರಿದ್ದಾರೆ. ಎಲೆಚುಕ್ಕಿ ರೋಗ ಯಾವ ಗಾಳಿಗೆ, ಯಾವ ಮಳೆಗೆ ಹರಡುತ್ತದೆ ಎಂದು ತಿಳಿದುಕೊಳ್ಳುವ ರೈತ ರೋಗದ ಪರವೇ? (ಹೋಲಿಕೆ ಚೆನ್ನಾಗಿಲ್ಲ, ಗೊತ್ತು. ಮನುಷ್ಯರನ್ನು ರೋಗಕ್ಕೆ ಹೋಲಿಸುವುದರಿಂದಲೇ ಈ ವ್ಯವಹಾರವೆಲ್ಲ ಶುರುವಾಗುವುದು. ತೋಟದಲ್ಲಿ ಕೂತು ಬರೆಯುತ್ತಿದ್ದೇನೆ, ಬೇರೆ ಹೊಳೆಯಲಿಲ್ಲ.)

ಆ ಕಂಸದೊಳಗಿನ ಮಾತನ್ನು ಸ್ವಲ್ಪ ಬಿಡಿಸುತ್ತೇನೆ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಒಳ್ಳೆಯ ಮನುಷ್ಯ ತನ್ನ ಆತ್ಮಸಾಕ್ಷಿಯನ್ನು ಹೇಗೆ ಮಲಗಿಸುತ್ತಾನೆ ಎಂದು ತೋರಿಸಿದರು. ಮೊದಲು ಮಾತು ಬದಲಾಗುತ್ತದೆ. ಕೊಲ್ಲು ಎಂದು ಯಾರೂ ಹೇಳುವುದಿಲ್ಲ. ಮುಗಿಸು, ಎತ್ತು, ಪಾಠ ಕಲಿಸು ಎನ್ನುತ್ತಾರೆ. ಆಮೇಲೆ ಎದುರಿನವನು ಮನುಷ್ಯನಾಗಿ ಉಳಿಯುವುದಿಲ್ಲ, ಹುಳು, ನಾಯಿ, ಕ್ರಿಮಿಯಾಗುತ್ತಾನೆ. ಆದೇಶ ಮೇಲಿನವರದು, ಕೈ ಮಾತ್ರ ನನ್ನದು ಎಂಬ ಸಮಾಧಾನ ಕೊನೆಗೆ ಬರುತ್ತದೆ. ಈ ಭಾಷೆ ಕಾಡಿನಲ್ಲಿ ಮಾತ್ರ ಇದೆಯೇ? ನಮ್ಮ ಊರುಗಳ ವಾಟ್ಸಾಪ್ ಗುಂಪುಗಳನ್ನು ಒಂದು ಸಂಜೆ ಕೂತು ಓದಿ ನೋಡಿ. ನಿವೃತ್ತ ಹೆಡ್‌ಮಾಸ್ಟರುಗಳು, ಸಹಕಾರ ಸಂಘದ ನಿರ್ದೇಶಕರು, ಬೆಳಿಗ್ಗೆ ದೇವರ ಚಿತ್ರ ಕಳಿಸಿ ಮಧ್ಯಾಹ್ನ ಇಡೀ ಒಂದು ಜನಾಂಗವನ್ನು ಹುಳ ಎನ್ನುವವರು. ಹದಿನಾಲ್ಕು ಚೌಕಗಳಲ್ಲಿ ಒಂದಾದರೂ ಇವರಿಗಾಗಿ ಇರಲಿಲ್ಲ.

ಗುಂಪು ಎಂಬುದು ಎಷ್ಟು ಬೇಗ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಪಾಠ ಮಾಡುವಾಗ ನಾನು ಹೆನ್ರಿ ತಾಜ್‌ಫೆಲ್ ಅವರ ಪ್ರಯೋಗ ಹೇಳುತ್ತಿದ್ದೆ. ಆತ ಪೋಲೆಂಡಿನ ಯಹೂದಿ, ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು ಬದುಕಿ ಬಂದರೆ ಮನೆಯವರು ಯಾರೂ ಉಳಿದಿರಲಿಲ್ಲ. ನೆರೆಯವರು ಹೀಗೆ ಮಾಡಲು ಹೇಗೆ ಸಾಧ್ಯ ಎಂಬ ಪ್ರಶ್ನೆಯನ್ನು ಹೊತ್ತುಕೊಂಡೇ ಮನಶ್ಶಾಸ್ತ್ರಕ್ಕೆ ಬಂದವರು ಎಂದು ನಾನು ಓದಿಕೊಂಡಿದ್ದೇನೆ. 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಶಾಲಾ ಹುಡುಗರನ್ನು ಎರಡು ಗುಂಪು ಮಾಡಿದರು. ಕಾರಣ ಏನೂ ಇಲ್ಲ. ಒಂದು ಪ್ರಯೋಗದಲ್ಲಿ, ನಿನಗೆ ಈ ಚಿತ್ರಕಾರ ಇಷ್ಟವೋ ಆ ಚಿತ್ರಕಾರ ಇಷ್ಟವೋ ಎಂಬುದಷ್ಟೇ ನೆಪ. ಆಮೇಲೆ ಹಣ ಹಂಚಲು ಹೇಳಿದರು. ಹುಡುಗರು ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು, ಅದಿರಲಿ. ತಮ್ಮವರಿಗೆ ಒಟ್ಟಾರೆ ಕಡಿಮೆ ಸಿಕ್ಕರೂ ಪರವಾಗಿಲ್ಲ, ಆಚೆಯವರಿಗಿಂತ ಹೆಚ್ಚಿರಬೇಕು ಎಂಬ ಕಡೆಗೆ ವಾಲಿದರು. ನನ್ನ ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನಿಂದ ಒಬ್ಬ, 'ಸಾರ್, ನಮ್ಮ ದೊಡ್ಡಪ್ಪ ಬೇಲಿ ವಿಷಯಕ್ಕೆ ಕೋರ್ಟಿಗೆ ಹೋದದ್ದೂ ಹೀಗೆಯೇ' ಎಂದಿದ್ದ. ಅವನಿಗೆ ಪರೀಕ್ಷೆಯಲ್ಲಿ ಮೂವತ್ತೆಂಟು ಬಂತು. ವಿಷಯ ಅರ್ಥವಾದದ್ದು ಅವನೊಬ್ಬನಿಗೇ ಎಂದು ನನ್ನ ಗುಮಾನಿ.

ಈಗ ಹೊರಗೆ ಬರುವ ದಾರಿ. ಅದಕ್ಕೂ ನಮ್ಮ ಜಿಲ್ಲೆಯೇ ಸಾಕ್ಷಿ. 2014ರ ಡಿಸೆಂಬರಿನಲ್ಲಿ ನಕ್ಸಲ್ ಚಳವಳಿಯಲ್ಲಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲೇ ಮುಖ್ಯವಾಹಿನಿಗೆ ಬಂದರು. ನಡುವೆ ನಿಂತವರು ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ವಕೀಲ ಎ.ಕೆ. ಸುಬ್ಬಯ್ಯ, ಪತ್ರಕರ್ತೆ ಗೌರಿ ಲಂಕೇಶ್. ಬಂದೂಕು ಹಿಡಿದವರನ್ನು ಮಾತಿನಿಂದ ಹೊರಗೆ ಕರೆತರಲು ಓಡಾಡಿದ ಆ ಹೆಣ್ಣುಮಗಳನ್ನು 2017ರ ಸೆಪ್ಟೆಂಬರ್ 5ರಂದು ಅವರ ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ವಾರ ನಮ್ಮೂರಿನ ವಾಟ್ಸಾಪಿನಲ್ಲಿ ಏನೇನು ಬರೆದಿದ್ದರು ಎಂದು ಇಲ್ಲಿ ಬರೆಯಲು ಕೈ ಬರುವುದಿಲ್ಲ.

2024ರ ನವೆಂಬರಿನಲ್ಲಿ ಹೆಬ್ರಿಯ ಕಾಡಂಚಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದರು. ಇನ್ನೇನು ಸೇಡು, ಮತ್ತೆ ರಾತ್ರಿ ಬರುವವರು, ಬೆಳಿಗ್ಗೆ ಬರುವವರು ಎಂದುಕೊಂಡೆವು. ಎರಡು ತಿಂಗಳು ತುಂಬುವ ಮೊದಲು, 2025ರ ಜನವರಿ 8ರಂದು, ಶೃಂಗೇರಿ ಕಡೆಯ ಮುಂಡಗಾರು ಲತಾ ಸೇರಿದಂತೆ ಆರು ಜನ ಮುಖ್ಯಮಂತ್ರಿಗಳ ಮುಂದೆ ಶರಣಾದರು. ನಡುವೆ ಮತ್ತೆ ಮಾತಾಡುವ ಮನುಷ್ಯರಿದ್ದರು, ಒಪ್ಪಿಕೊಳ್ಳುವ ಸರ್ಕಾರವಿತ್ತು, ಮನೆಯಲ್ಲಿ ಕಾಯುವವರಿದ್ದರು.

ಡೆನ್ಮಾರ್ಕಿನ ಆರ್ಹುಸ್ ಎಂಬ ನಗರದಲ್ಲಿ ಇದನ್ನು ವ್ಯವಸ್ಥೆಯಾಗಿಯೇ ಮಾಡಿದ್ದಾರೆ. ಅಲ್ಲಿಂದ ಸುಮಾರು ಮೂವತ್ತು ಯುವಕರು ಸಿರಿಯಾದ ಯುದ್ಧಕ್ಕೆ ಹೋಗಿದ್ದರು. ಪೊಲೀಸರೂ ನಗರಸಭೆಯೂ ಸೇರಿ ಒಂದು ಕೇಂದ್ರ ನಡೆಸಿದರು. ತಂದೆ ತಾಯಿ ಅಲ್ಲಿಗೆ ಬಂದು ಹೇಳಿಕೊಳ್ಳಬಹುದಿತ್ತು, ಹುಡುಗನಿಗೆ ಹಿರಿಯ ಜೊತೆಗಾರನೊಬ್ಬನನ್ನು ಗೊತ್ತು ಮಾಡುತ್ತಿದ್ದರು, ಓದು, ಕೆಲಸ, ಮನೆ ಎಲ್ಲಕ್ಕೂ ನೆರವು. ಅಪರಾಧ ಮಾಡಿದವರ ಮೇಲೆ ಮೊಕದ್ದಮೆ ಇದ್ದೇ ಇತ್ತು. 2014ರ ಹೊತ್ತಿಗೆ ಹೋಗುವವರು ಬಹುತೇಕ ನಿಂತರು. ಎಲ್ಲ ಆ ಕೇಂದ್ರದಿಂದಲೇ ಆಯಿತು ಎಂದು ಹೇಳಲಾರೆ. ಆದರೆ ಅಲ್ಲಿನ ತಾಯಂದಿರಿಗೆ ಹೋಗಿ ತಟ್ಟಲು ಒಂದು ಬಾಗಿಲಿತ್ತು.

ಇಲ್ಲಿ ಇಲ್ಲ. ಎರಡು ಮಳೆಗಾಲದ ಹಿಂದೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಬಂದರು. ಕೊಡೆಯನ್ನು ಹೊರಗಿಟ್ಟು ಬಾಗಿಲ ಹತ್ತಿರವೇ ನಿಂತರು. ಅವರು ಯಾವ ಧರ್ಮದವರು ಎಂದು ನಾನು ಬರೆಯುವುದಿಲ್ಲ. ಓದುವವರು ಮನಸ್ಸಿನಲ್ಲಿ ಆಗಲೇ ಒಂದನ್ನು ಬರೆದುಕೊಂಡಿದ್ದರೆ ಅದು ಅವರ ಹಾಳೆ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ಆರು ತಿಂಗಳಿಂದ ಫೋನಿನಲ್ಲಿ ಬೇರೆಯೇ ಭಾಷೆ. ತಂಗಿಗೆ ಏನೇನೋ ವಿಡಿಯೊ ಕಳಿಸುತ್ತಾನೆ. ಮೊನ್ನೆ ಅವಳಿಗೆ, 'ನಾನು ಇಲ್ಲದಿದ್ದರೂ ನಿಮಗೆ ಹೆಮ್ಮೆಯಾಗುವ ಹಾಗೆ ಮಾಡುತ್ತೇನೆ' ಎಂದನಂತೆ.

'ಯಾರಿಗೆ ಹೇಳಲಿ ಮೇಷ್ಟ್ರೇ?' ಎಂದರು. 'ಹೇಳಿದರೆ ನಾನೇ ಹಿಡಿದುಕೊಟ್ಟ ಹಾಗೆ. ಹೇಳದೆ ನಾಳೆ ಏನಾದರೂ ಆದರೆ ನಾನೇ ಮಾಡಿಸಿದ ಹಾಗೆ.'

ಭಯೋತ್ಪಾದನೆಯ ಪ್ರಕರಣಗಳಿಗೆ ಹಾಕುವ ಯುಎಪಿಎ ಎಂಬ ಕಾಯ್ದೆಯಲ್ಲಿ ಜಾಮೀನು ಸಿಗುವುದು ಎಷ್ಟು ಕಷ್ಟ ಎಂದು ಆ ತಾಯಿಗೂ ಗೊತ್ತಿತ್ತು. ಟಿವಿ ನೋಡುತ್ತಾರಲ್ಲ. ಮೂವತ್ತೊಂದು ವರ್ಷ ಈ ವಿಷಯವನ್ನೇ ಪಾಠ ಮಾಡಿದ ನನ್ನ ಬಳಿ ಅವರಿಗೆ ಕೊಡಲು ಒಂದು ವಿಳಾಸ ಇರಲಿಲ್ಲ. ಕೂತುಕೊಳ್ಳಿ ಅಮ್ಮ ಎಂದೆ, ಕಾಫಿ ಮಾಡಿಸಿದೆ. ಆಮೇಲೆ ನೆನಪಾಯಿತು, ಆ ಹುಡುಗ ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಿದ್ದ. ಅವನ ಜೊತೆ ಆಡುತ್ತಿದ್ದವನೊಬ್ಬ ಪೇಟೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಬೇರೆ ಧರ್ಮದವನು. ಅವನಿಗೆ ಫೋನ್ ಮಾಡಿದೆ. ಮರುದಿನ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ರಾತ್ರಿ ಬಸ್ಸು ಹತ್ತಿದ.

ನಾಲ್ಕು ದಿನ ಗೆಳೆಯನ ಕೋಣೆಯಲ್ಲಿದ್ದು ಬಂದ. ಏನು ಹೇಳಿ ಒಪ್ಪಿಸಿದೆ ಎಂದು ಕೇಳಿದೆ. 'ಏನೂ ಹೇಳಲಿಲ್ಲ ಸಾರ್. ಅಡುಗೆ ಮಾಡಿದೆವು, ಹಳೆಯ ಮ್ಯಾಚುಗಳ ಬಗ್ಗೆ ಮಾತಾಡಿದೆವು. ಅವನ ಕೋಣೆಗೆ ದಿನಾ ಮೂರು ಜನ ಬರುತ್ತಿದ್ದರಂತೆ. ನಾನಿದ್ದೇನೆ ಎಂದು ಎರಡನೇ ದಿನದಿಂದ ಬರಲಿಲ್ಲ' ಎಂದ. ಆಮೇಲೆ ಪ್ರತಿ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಅವನಿಗೆ ಫೋನ್ ಮಾಡುತ್ತಿದ್ದ. ಹುಡುಗ ಕೋಣೆ ಬದಲಿಸಿದ. ಈಗಲೂ ಅವನ ಬಾಯಲ್ಲಿ ಆ ಹಳೆಯ ಮಾತುಗಳು ಆಗಾಗ ಬರುತ್ತವಂತೆ. ಜಾನ್ ಹೋರ್ಗನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಬಿಡಿಸಿ ಹೇಳಿದ್ದಾರೆ: ಹಿಂಸೆಯನ್ನು ಬಿಡುವುದು ಬೇರೆ, ವಿಚಾರ ಬಿಡುವುದು ಬೇರೆ. ಮೊದಲನೆಯದು ಆದವರಿಗೆಲ್ಲ ಎರಡನೆಯದೂ ಆಗಿರುತ್ತದೆ ಎಂದೇನಿಲ್ಲ. ತಾಯಿಗೆ ಸದ್ಯಕ್ಕೆ ಮೊದಲನೆಯದು ಸಾಕು. ತಿಂಗಳಿಗೊಮ್ಮೆ ಊರಿಗೆ ಬರುತ್ತಾನೆ, ಪಂಕ್ಚರ್ ಅಂಗಡಿಯ ಮುಂದೆ ಕೂತಿರುತ್ತಾನೆ.

ಆದರೆ ಇದು ಅದೃಷ್ಟ. ಆ ಅಂಗಡಿಯವನು ಇಲ್ಲದಿದ್ದರೆ, ಅಥವಾ ಆ ಹುಡುಗ ವಾಲಿಬಾಲ್ ಆಡದಿದ್ದರೆ ಏನಾಗುತ್ತಿತ್ತೋ. ಅದಕ್ಕೇ ತಮ್ಮಲ್ಲಿ ಕೇಳುತ್ತಿದ್ದೇನೆ. ಆ ಹಾಳೆಗೆ ಅನುಮತಿ ಕೊಡಬೇಡಿ. ಅದರ ಬದಲು ಪ್ರತಿ ತಾಲ್ಲೂಕಿನಲ್ಲೂ ಒಬ್ಬ ಮನುಷ್ಯನನ್ನು ಗೊತ್ತು ಮಾಡಿ. ಸಮವಸ್ತ್ರ ಬೇಡ, ಠಾಣೆಯ ಕಟ್ಟಡದಲ್ಲಿ ಬೇಡ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕರಾದರೂ ಆದೀತು, ಊರು ನಂಬುವ ನಿವೃತ್ತ ನರ್ಸಾದರೂ ಆದೀತು. ಅಪರಾಧ ನಡೆಯುವ ಮೊದಲು ತಾಯಿ ಬಂದು ಹೇಳಿಕೊಂಡರೆ ಅದು ಆ ಕ್ಷಣಕ್ಕೇ ಎಫ್‌ಐಆರ್ ಆಗುವುದಿಲ್ಲ ಎಂದು ತಾವೂ ಪೊಲೀಸ್ ವರಿಷ್ಠಾಧಿಕಾರಿಗಳೂ ಕೂತು ಒಂದು ನಿಯಮ ಬರೆಯಿರಿ. ಯಾರದ್ದಾದರೂ ಜೀವಕ್ಕೆ ಅಪಾಯ ಕಂಡರೆ ಪೊಲೀಸರಿಗೆ ಹೇಳಲೇಬೇಕು, ಅದನ್ನೂ ಆ ತಾಯಿಗೆ ಮೊದಲೇ ತಿಳಿಸಲಿ. ಹಣ ಹೆಚ್ಚು ಬೇಡ. ಒಂದು ಕೋಣೆ, ಎರಡು ಕುರ್ಚಿ, ಮಳೆಗಾಲವಲ್ಲವೇ, ಕೊಡೆ ಇಡಲು ಒಂದು ಮೂಲೆ.

ಆ ದಿನ ಸಭಾಂಗಣದ ಬಾಗಿಲಲ್ಲಿ ಇಟ್ಟಿದ್ದ ಪೆಟ್ಟಿಗೆಗೆ ನಾನು ಏನೂ ಹಾಕಲಿಲ್ಲ. ನನಗೆ ಕೊಟ್ಟಿದ್ದ ಹಾಳೆಯನ್ನು, 1977ರ ಹನ್ನೊಂದು ಗುರುತುಗಳ ಸಮೇತ, ತಮಗೆ ಅಂಚೆಯಲ್ಲಿ ಕಳಿಸುವ ಪ್ರತಿಯೊಂದಿಗೆ ಲಗತ್ತಿಸಿದ್ದೇನೆ. ಹೆಸರನ್ನೂ ಬರೆದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಉಪನ್ಯಾಸಕ
ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ